ಹೋಂವರ್ಕ್ ಪೂರ್ತಿ ಸರಿ, ಪರೀಕ್ಷೆಯಲ್ಲಿ ಮಾತ್ರ ಆರು ಅಂಕ

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮದಲ್ಲಿ ಆರನೇ ತರಗತಿ. ಅವಳ ಗಣಿತ ನನಗೆ ತಿಳಿಯದ ಕಾರಣ ಫೋನಿನಲ್ಲಿ ಲೆಕ್ಕದ ಫೋಟೊ ತೆಗೆದು, ಬಂದ ಉತ್ತರವನ್ನೇ ಬರೆಸುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಎಲ್ಲವೂ ಸರಿಯಿದೆ. ಕಿರುಪರೀಕ್ಷೆಯಲ್ಲಿ 20ಕ್ಕೆ 6 ಬಂದಿದೆ. 3/4 + 5/6 ಎಂಬ ಲೆಕ್ಕಕ್ಕೆ 8/10 ಎಂದು ಬರೆದಿದ್ದಾಳೆ. ಫೋನ್ ಕೊಡದಿದ್ದರೆ ‘ನಿನಗಂತೂ ಬರಲ್ಲ, ಫೋನಾದ್ರೂ ಕೊಡು’ ಎನ್ನುತ್ತಾಳೆ. ಯಜಮಾನರು ಟ್ಯೂಷನ್‌ಗೆ ಹಾಕೋಣ ಎನ್ನುತ್ತಿದ್ದಾರೆ. ನಾನು ಮಾಡಿದ್ದು ತಪ್ಪೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಿಳಿಯದ್ದನ್ನು ಫೋನಿನಲ್ಲಿ ಹುಡುಕಿದ್ದು ತಪ್ಪಲ್ಲ. ಆದರೆ ಮಗಳು ಪೆನ್ಸಿಲ್ ಹಿಡಿಯುವ ಮೊದಲೇ ಉತ್ತರ ಅವಳ ಮುಂದೆ ಬಂದು ಕೂತದ್ದರಿಂದ ಎಡವಟ್ಟಾಗಿದೆ. ಫೊಟೊಮ್ಯಾತ್, ಗೂಗಲ್ ಲೆನ್ಸ್‌ನಂಥವು ಇಂಥ ಸರಳ ಲೆಕ್ಕಗಳನ್ನು ಸಾಮಾನ್ಯವಾಗಿ ಸರಿಯಾಗಿಯೇ ಬಿಡಿಸುತ್ತವೆ. ಹಾಗೆ ಸರಿಯಾಗಿ ಬಿಡಿಸಿದ್ದರಿಂದಲೇ ಶಿಕ್ಷಕಿಗೆ ನಿಮ್ಮ ಮಗಳ ತೊಡಕು ಕಾಣಲಿಲ್ಲ, ನೋಟ್‌ಬುಕ್ಕಿನಲ್ಲಿ ಸಾಲುಸಾಲು ಸರಿ ಗುರುತು ಹಾಕಿ ಅವರು ಮುಂದಿನ ಪಾಠಕ್ಕೆ ಹೋದರು.

ಆ 8/10 ಅನ್ನು ಸ್ವಲ್ಪ ನೋಡೋಣ. ಮೇಲಿನ ಅಂಶಗಳನ್ನು ಕೂಡಿ 8, ಕೆಳಗಿನ ಛೇದಗಳನ್ನು ಕೂಡಿ 10 ಎಂದಿದ್ದಾಳೆ. ಭಿನ್ನರಾಶಿ ಕಲಿಯುವ ಮಕ್ಕಳು ಎಲ್ಲೆಡೆ ಮಾಡುವ ತಪ್ಪು ಇದು. ಇದನ್ನು ಹಿಡಿಯಲು ನಿಮಗೆ ಆಪ್ ಬೇಕಾಗಿಲ್ಲ. ಮುಕ್ಕಾಲು ಮೀಟರಿನ ಎರಡು ತುಂಡು ಸೇರಿದರೆ ಒಂದೂವರೆ ಮೀಟರ್ ಎಂಬುದನ್ನು ನೀವು ಟೇಪು ಮುಟ್ಟದೆ ಹೇಳುತ್ತೀರಿ. 5/6 ಎಂಬುದು ಮುಕ್ಕಾಲಿಗಿಂತ ತುಸು ಜಾಸ್ತಿ. ಅಂದಮೇಲೆ ಉತ್ತರ ಒಂದೂವರೆಯನ್ನು ದಾಟಲೇಬೇಕು, ಒಂದಕ್ಕಿಂತಲೂ ಕಡಿಮೆಯಾದ 8/10 ಬರುವ ಹಾಗೇ ಇಲ್ಲ. ಇನ್ನು ವಿಧಾನ: 4 ಮತ್ತು 6ರ ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12, ಆದ್ದರಿಂದ 9/12 ಮತ್ತು 10/12, ಕೂಡಿದರೆ 19/12, ಅಂದರೆ 1 ಪೂರ್ಣ 7/12. ಒಂದೂವರೆಯ ಮೇಲೆ ತುಸುವೇ. ಉತ್ತರ ಎಷ್ಟರ ಆಸುಪಾಸಿನಲ್ಲಿ ಇರಬೇಕೆಂದು ಮೊದಲೇ ಅಂದಾಜು ಮಾಡುವ ಈ ಅಭ್ಯಾಸ ಫೋಟೊ ತೆಗೆದು ಉತ್ತರ ಪಡೆಯುವುದರಿಂದ ಬರುವುದಿಲ್ಲ, ನಿಮಗೆ ಅದು ಕೆಲಸದಿಂದಲೇ ಬಂದಿದೆ.

ಫೋನನ್ನು ಇನ್ನು ಮುಂದೆ ನೀವು ಬಳಸಿ, ಅವಳು ಶಾಲೆಯಿಂದ ಬರುವ ಮೊದಲು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಆರನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕವನ್ನು ಉಚಿತವಾಗಿ ಇಳಿಸಿಕೊಂಡು, ಮಗಳ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟು ಓದಿ. ಅವಳು ಎಲ್‌ಸಿಎಂ ಎನ್ನುವುದು ನೀವು ಕಲಿತ ಲ.ಸಾ.ಅ. ಎಂಬುದು ಗೊತ್ತಾದೊಡನೆ ಅರ್ಧ ಭಾರ ಇಳಿಯುತ್ತದೆ. ಖಾನ್ ಅಕಾಡೆಮಿ ಎಂಬ ಉಚಿತ ಕಲಿಕಾ ಜಾಲತಾಣದಲ್ಲಿ ಕನ್ನಡ ವಿಡಿಯೊಗಳಿವೆ, ಸರ್ಕಾರದ ದೀಕ್ಷಾ ಆಪ್‌ನಲ್ಲೂ ಪಾಠಗಳಿವೆ. ಸಂಜೆ ಅವಳು ತಾನೇ ಲೆಕ್ಕ ಮಾಡಿ ಮುಗಿಸಿದ ಮೇಲಷ್ಟೇ ತಾಳೆ ನೋಡಲು ಫೋನ್ ತೆರೆಯಿರಿ. ಉತ್ತರ ಬೇರೆ ಬಂದರೆ ಯಾವ ಹಂತದಲ್ಲಿ ದಾರಿ ತಪ್ಪಿತೆಂದು ಅವಳೇ ಹುಡುಕಲಿ. ಆಪ್ 19/12 ಎಂದು ನಿಲ್ಲಿಸಿ, ಪುಸ್ತಕ 1 ಪೂರ್ಣ 7/12 ಎಂದಿದ್ದರೆ ಗಾಬರಿ ಬೇಡ, ಎರಡೂ ಒಂದೇ. ಎಷ್ಟು ಹೆಣಗಿದರೂ ಬಾರದ ಲೆಕ್ಕವನ್ನು ಹಾಗೇ ಬಿಟ್ಟು, ‘ಇಲ್ಲಿಯವರೆಗೆ ಬಂತು, ಮುಂದೆ ತಿಳಿಯಲಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿ. ಶಿಕ್ಷಕಿಗೆ ಬೇಕಾದ ಮಾಹಿತಿ ಅದೇ.

ಅವಳ ಮಾತು ನಿಮ್ಮನ್ನು ನೋಯಿಸಿದೆ, ಸಹಜ. ಆ ದನಿಯನ್ನು ಸಹಿಸಬೇಕಿಲ್ಲ, ಆದರೆ ಅದನ್ನು ತಿದ್ದುವ ಮಾತು ಲೆಕ್ಕದ ಹೊತ್ತಿನಲ್ಲಿ ಬೇಡ. ಆ ಹೊತ್ತಿನಲ್ಲಿ ‘ಇದು ನನಗೆ ಬರಲ್ಲ, ನಿಮ್ಮ ಮಿಸ್ ಹೇಗೆ ಹೇಳಿಕೊಟ್ಟರು ಹೇಳು’ ಎನ್ನಿ. ಹೇಳುತ್ತ ಹೇಳುತ್ತ ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲೇ ಕಲಿಕೆ ನಿಂತಿದೆ ಎಂದು ತಿಳಿಯಿರಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಅಮೆರಿಕದಲ್ಲಿ 1 ಮತ್ತು 2ನೇ ತರಗತಿಯ ಮಕ್ಕಳ ಬಗ್ಗೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಣಿತವೆಂದರೆ ಹೆದರುವ ಪೋಷಕರು ಆಗಾಗ ಹೋಂವರ್ಕಿಗೆ ಕೂತ ಮನೆಗಳಲ್ಲಿ ಮಕ್ಕಳ ಗಣಿತ ಕಲಿಕೆ ಹಿಂದೆ ಬಿದ್ದಿತ್ತು. ಅಷ್ಟೇ ಹೆದರಿಕೆಯಿದ್ದೂ ಅಪರೂಪಕ್ಕೆ ನೆರವಾದವರ ಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ನಿಮ್ಮ ಮಗಳು ಅವರಿಗಿಂತ ದೊಡ್ಡವಳು, ನಿಜ. ಆದರೂ ‘ನಮ್ಮ ಮನೆತನದಲ್ಲೇ ಯಾರಿಗೂ ಲೆಕ್ಕ ಹತ್ತಲಿಲ್ಲ’ ಎಂಬಂಥ ಮಾತು, ತಮಾಷೆಗೂ, ಅವಳ ಕಿವಿಗೆ ಬೀಳದಿರಲಿ.

ಟ್ಯೂಷನ್ ವಿಚಾರದಲ್ಲಿ ಯಜಮಾನರು ಆತುರಪಡುತ್ತಿದ್ದಾರೆ ಎಂದೇ ನನ್ನ ಅನಿಸಿಕೆ. ಮೊದಲು ನೋಟ್‌ಬುಕ್ ಮತ್ತು ಪರೀಕ್ಷೆಯ ಉತ್ತರಪತ್ರಿಕೆ ಎರಡನ್ನೂ ಹಿಡಿದುಕೊಂಡು, ಇಬ್ಬರೂ ಹೋಗಿ ಶಿಕ್ಷಕಿಯನ್ನು ಕಂಡು, ಹೋಂವರ್ಕ್ ಫೋನಿನಿಂದ ಆಗುತ್ತಿತ್ತೆಂದು ಮುಚ್ಚಿಡದೆ ಹೇಳಿ. ಮಗ್ಗಿ, ಭಾಗಾಕಾರಗಳಲ್ಲೇ ಅವಳು ಹಿಂದೆ ಬಿದ್ದಿದ್ದಾಳೆಂದು ಅವರು ಹೇಳಿದರೆ ಟ್ಯೂಷನ್ ಬೇಕಾಗಬಹುದು. ಆಗಲೂ ಸೇರಿಸುವ ಮುನ್ನ, ಅಲ್ಲಿ ಹಳೆಯ ಪಾಠದಿಂದ ಹೇಳಿಕೊಡುತ್ತಾರೋ, ಮರುದಿನದ ಹೋಂವರ್ಕ್ ಮಾಡಿಸಿ ಕಳಿಸುತ್ತಾರೋ ಎಂದು ಕೇಳಿ. ಹೋಂವರ್ಕ್ ಮಾಡಿಸಿ ಕಳಿಸುವುದಾದರೆ, ಫೋನ್ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೇ ತಿಂಗಳು ತಿಂಗಳು ಫೀಸು ಕಟ್ಟಿದಂತಾಗುತ್ತದೆ.