ಓದುಗರ ಪ್ರಶ್ನೆ: ಕೊಚ್ಚಿಯ ಯಹೂದಿ ಅಜ್ಜಿಯರ ಕೈಕೆಲಸ, ಮನೆಗೆಲಸ, ಊರ ಕೆಲಸ

ಪ್ರಶ್ನೆ: ಮಟ್ಟಾಂಚೇರಿಯ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಬೀದಿಯಲ್ಲಿ ಕಸೂತಿ ಅಂಗಡಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರನ್ನು ಹಿಂದೆ ನೋಡಿದ್ದೆ. ಅವರೇ ಕೊಚ್ಚಿಯ ಕೊನೆಯ ಯಹೂದಿ ಎನ್ನುತ್ತಾರೆ. ಹೌದೇ?
– ಓದುಗರು, ಮೈಸೂರು

ಉತ್ತರ: ನೀವು ನೋಡಿದ್ದು ಸಾರಾ ಕೊಹೆನ್ ಅವರನ್ನು. 2019ರ ಆಗಸ್ಟ್ 30ರಂದು ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಯಹೂದಿ ಗಂಡಸರು ತೊಡುವ ಕಿಪ್ಪಾ ಟೋಪಿ, ಸಬ್ಬತ್ತಿನ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ, ಬೆಂಕಿ ಹೊತ್ತಿಸದ ವಿಶ್ರಾಂತಿ ದಿನ) ರೊಟ್ಟಿಗೆ ಹೊದಿಸುವ ಬಟ್ಟೆ, ಮೇಜುಹಾಸು ಇವೇ ಅವರ ಕೈಕೆಲಸ. ಮಕ್ಕಳಿರಲಿಲ್ಲ. ಮುಪ್ಪಿನಲ್ಲಿ ಅವರನ್ನೂ ಅಂಗಡಿಯನ್ನೂ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ.

ಆದರೆ ‘ಕೊನೆಯವರು’ ಎಂಬುದು ಸರಿಯಲ್ಲ. ಅವರ ನಂತರವೂ ಕ್ವೀನಿ ಹಲ್ಲೆಗ್ವಾ ಇದ್ದರು. ಕೊಚ್ಚಿಗೆ ವಿದ್ಯುತ್ ತಂದ ಕೋಡರ್ ಮನೆತನದ ಮಗಳು. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗಿನ ಆಡಳಿತವನ್ನು 2012ರಿಂದ 2018ರವರೆಗೆ ಮ್ಯಾನೇಜಿಂಗ್ ಟ್ರಸ್ಟಿಯಾಗಿ ನಡೆಸಿದವರು. 2024ರ ಆಗಸ್ಟ್ 11ರಂದು, 89ನೇ ವಯಸ್ಸಿನಲ್ಲಿ ಹೋದರು. ಇವರಿಬ್ಬರೂ ಪರದೇಶಿ, ಅಂದರೆ ಹೊರದೇಶಗಳಿಂದ ಬಂದು ನೆಲೆಸಿದವರ ಪಂಗಡದವರು. ಇನ್ನೊಂದು ಪಂಗಡವಾದ ಮಲಬಾರಿ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೊರಟುಹೋದರು. ಬೆರಳೆಣಿಕೆಯ ಮಂದಿ ಎರ್ನಾಕುಳಂ ಕಡೆ ಉಳಿದುಕೊಂಡರು.

ಪ್ರಶ್ನೆ: ನನಗೆ ಕಸೂತಿ ಗೊತ್ತು. ಕಿಪ್ಪಾ ಹೊಲಿಯಲು ಹೋದೆ. ಆರು ತುಂಡು ಜೋಡಿಸಿದರೆ ತುದಿ ಶಂಕುವಿನ ಹಾಗೆ ಚೂಪಾಯಿತು, ನೆತ್ತಿಯಲ್ಲಿ ತೂತೂ ಬಿತ್ತು.
– ಓದುಗರು, ಧಾರವಾಡ

ಉತ್ತರ: ತುಂಡುಗಳನ್ನು ನೇರ ತ್ರಿಕೋನವಾಗಿ ಕತ್ತರಿಸಿದ್ದೀರಿ, ಅದೇ ತಪ್ಪು. ದೊಡ್ಡವರ ಟೋಪಿಗೆ ಒಂದೊಂದು ತುಂಡಿನ ಬುಡ 8.2 ಸೆಂ.ಮೀ., ಎತ್ತರ 9.5 ಸೆಂ.ಮೀ. ಇರಲಿ. ಅರ್ಧ ಎತ್ತರದಲ್ಲಿ ಅಗಲ ಎಷ್ಟು ಎಂಬುದೇ ಇಲ್ಲಿ ಮುಖ್ಯ. ನೇರ ಗೆರೆ ಎಳೆದರೆ 4.1 ಬರುತ್ತದೆ, ತಲೆಯ ಗುಂಡಿಗೆ ಕೂರಬೇಕಾದರೆ 4.7 ಬೇಕು. ಅಂದರೆ ಎರಡೂ ಬದಿ ಮೂರು ಮಿ.ಮೀ. ಹೊರಕ್ಕೆ ಬಾಗಬೇಕು. ಹೊಲಿಗೆಗೆ ಸುತ್ತಲೂ 6 ಮಿ.ಮೀ. ಬೇರೆಯಾಗಿ ಬಿಡಿ.

ತೂತಿನ ವಿಷಯ. ಆರನ್ನೂ ಒಂದರ ಪಕ್ಕ ಒಂದು ಹೊಲಿದುಕೊಂಡು ಸುತ್ತಿ ಬಂದರೆ ನೆತ್ತಿ ಸರಿಯಾಗಿ ಕೂಡುವುದು ಕಷ್ಟ. ಮೂರು ಮೂರರ ಎರಡು ಅರ್ಧ ಮಾಡಿಕೊಳ್ಳಿ. ಆಮೇಲೆ ಅಂಚಿನಿಂದ ಅಂಚಿಗೆ, ನೆತ್ತಿಯ ಮೇಲೆ ಹಾದು ಒಂದೇ ಉದ್ದ ಹೊಲಿಗೆ ಹಾಕಿ. ಒಳಪದರಕ್ಕೂ ಹೀಗೆಯೇ. ಅಂಚಿಗೆ ಓರೆಯಾಗಿ ಕತ್ತರಿಸಿದ ಪಟ್ಟಿ 52 ಸೆಂ.ಮೀ. ಸಾಕು.

ಕಸೂತಿ ಹಾಕಬೇಕಾದದ್ದು ಕತ್ತರಿಸುವ ಮೊದಲು. ಇಡೀ ಬಟ್ಟೆಯ ಮೇಲೆ ಆರು ತುಂಡಿನ ಗೆರೆ ಎಳೆದು, ರಿಂಗಿಗೆ ಹಾಕಿ, ಕೆಲಸ ಮುಗಿಸಿ ಕತ್ತರಿಸಿ. ಇಲ್ಲವಾದರೆ ದಾರದ ಎಳೆತಕ್ಕೆ ತುಂಡುಗಳು ಒಂದೊಂದು ಅಳತೆಗೆ ಕುಗ್ಗುತ್ತವೆ. ನಿಮ್ಮ ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವಂಥದ್ದು. ಸ್ಯಾಟಿನ್, ಮಖಮಲ್ಲಿನಲ್ಲಿ ಎಣಿಸಲು ಎಳೆ ಸಿಗುವುದಿಲ್ಲ. ಹತ್ತಿಯ ಮ್ಯಾಟಿ ಬಟ್ಟೆ ತೆಗೆದುಕೊಳ್ಳಿ, ಗೋಪುರವೂ ತೇರೂ ಚೆನ್ನಾಗಿಯೇ ಕೂರುತ್ತವೆ. (ಯಹೂದಿ ಮನೆಗೆ ಕೊಡುವುದಾದರೆ ಗೋಪುರ ಬಿಟ್ಟು ದಾಳಿಂಬೆ ಹಾಕುವುದು ಮೇಲು.) ಉಣ್ಣೆಯನ್ನೂ ಲಿನನ್ನನ್ನೂ ಒಂದೇ ಉಡುಪಿನಲ್ಲಿ ಸೇರಿಸಬೇಡಿ, ಯಹೂದಿಗಳ ಧರ್ಮಗ್ರಂಥವಾದ ತೋರಾದಲ್ಲಿ ನಿಷೇಧ.

ಪ್ರಶ್ನೆ: ಶುಕ್ರವಾರದ ಸಬ್ಬತ್ ದೀಪಕ್ಕೆ ಕೊಚ್ಚಿಯವರ ಹಾಗೆ ತೆಂಗಿನೆಣ್ಣೆ ಹಾಕಿದ್ದೆವು. ಡಿಸೆಂಬರಿನಲ್ಲಿ ನಡುವೆಯೇ ಆರಿಹೋಯಿತು.
– ಓದುಗರು, ಬೆಂಗಳೂರು

ಉತ್ತರ: ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಕೊಚ್ಚಿಯಲ್ಲಿ ಈ ತೊಂದರೆ ಅಪರೂಪ. ನಿಮ್ಮ ಡಿಸೆಂಬರಿನಲ್ಲಿ ಬತ್ತಿಗೆ ಎಣ್ಣೆ ಏರುವುದಿಲ್ಲ. ಎಳ್ಳೆಣ್ಣೆಗೆ ಬದಲಿಸಿ. ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಹಚ್ಚುವುದು ವಾಡಿಕೆ. ಹಚ್ಚಿದ ಮೇಲೆ ಎಣ್ಣೆ ಸುರಿಯುವಂತಿಲ್ಲ, ಬತ್ತಿ ಮುಟ್ಟುವಂತಿಲ್ಲ. ಹಾಗಾಗಿ ಗುರುವಾರವೇ ಒಂದು ಚಮಚ ಎಣ್ಣೆ ಎಷ್ಟು ಹೊತ್ತು ಉರಿಯುತ್ತದೆ ಎಂದು ನೋಡಿಟ್ಟುಕೊಂಡು, ರಾತ್ರಿಯೂಟ ಮುಗಿಯುವವರೆಗೆ ಸಾಕಾಗುವಷ್ಟು ತುಂಬಬೇಕು. ಹಲವು ಯಹೂದಿ ಮನೆಗಳಲ್ಲಿ ಮೊದಲು ಹಚ್ಚಿ, ಆಮೇಲೆ ಕಣ್ಣು ಮುಚ್ಚಿ ಮಂತ್ರ ಹೇಳುತ್ತಾರೆ. ಅವರಿಗೆ ಮಂತ್ರ ಹೇಳಿದೊಡನೆ ಸಬ್ಬತ್ ಶುರುವಾಯಿತೆಂದು ಲೆಕ್ಕ, ಕಡ್ಡಿ ಗೀರುವ ಹಾಗಿಲ್ಲವಲ್ಲ!

ಪ್ರಶ್ನೆ: ಪೆಸಹಾ (ಹುಳಿ ಬಂದ ಹಿಟ್ಟು ನಿಷಿದ್ಧವಾದ) ಹಬ್ಬದಲ್ಲಿ ಯಹೂದಿಗಳು ಅನ್ನ ಉಣ್ಣುವುದಿಲ್ಲವೆಂದು ಓದಿದೆ.
– ಓದುಗರು, ಉಡುಪಿ

ಉತ್ತರ: ಅದು ಯುರೋಪಿನ ಅಶ್ಕೆನಾಜಿಗಳ ಪದ್ಧತಿ. ಕೊಚ್ಚಿಯವರು ಉಣ್ಣುತ್ತಾರೆ. ಆದರೆ ಅಕ್ಕಿಯಲ್ಲಿ ಒಂದು ಗೋಧಿಕಾಳೂ ಇರಬಾರದು. ಹೆಂಗಸರು ತಿಂಗಳುಗಟ್ಟಲೆ ಮೊದಲೇ ಕೂತು ಕಾಳು ಕಾಳನ್ನೂ ಆರಿಸುತ್ತಿದ್ದರು. ಹುಳಿಯಿಲ್ಲದ ಮತ್ಸಾ ರೊಟ್ಟಿಗೆ ಹಿಟ್ಟಿಗೆ ನೀರು ಬಿದ್ದಾಗಿನಿಂದ ಬೇಯುವವರೆಗೆ 18 ನಿಮಿಷ ಮೀರಬಾರದು. ಏಪ್ರಿಲ್ ಸೆಕೆಗೆ ಹಿಟ್ಟು ಬೇಗ ಉಬ್ಬುತ್ತದೆ. ಅದಕ್ಕೇ ಹಿಂದಿನ ಸಂಜೆ ಸೇದಿ ರಾತ್ರಿಯಿಡೀ ತಣಿಯಲು ಬಿಟ್ಟ ನೀರು, ಒಂದು ಸಲಕ್ಕೆ ಸ್ವಲ್ಪವೇ ಹಿಟ್ಟು.

ಪ್ರಶ್ನೆ: ಸಮುದಾಯದಲ್ಲಿ ನಾಲ್ಕೈದು ಜನ ಉಳಿದರೆ ನಿಜಕ್ಕೂ ಯಾವ ಕೆಲಸ ನಿಲ್ಲುತ್ತದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ನಿಲ್ಲುವುದು ಸಾಮೂಹಿಕ ಪ್ರಾರ್ಥನೆ. ಅದಕ್ಕೆ 13 ವರ್ಷ ದಾಟಿದ ಹತ್ತು ಗಂಡಸರು ಬೇಕು. ಸಂಪ್ರದಾಯಸ್ಥರ ಎಣಿಕೆಯಲ್ಲಿ ಹೆಂಗಸರು ಸೇರುವುದಿಲ್ಲ. ಸಿನಗಾಗಿನ ಬೀಗದ ಕೈ ಹಿಡಿದ ಅಜ್ಜಿಯೂ ಆ ಹತ್ತರಲ್ಲಿ ಒಬ್ಬರಲ್ಲ! ಪ್ರವಾಸಕ್ಕೆ ಬಂದ ಯಹೂದಿಗಳಿಂದ ಈ ಕೊರತೆ ಹೇಗೋ ತುಂಬುತ್ತದೆ.

ತುಂಬಲಾಗದ್ದು ಹೆಣದ ಸ್ನಾನ. ಹೆಂಗಸಿನ ದೇಹವನ್ನು ಹೆಂಗಸರೇ ತೊಳೆಯಬೇಕು, ಕೂಲಿಗಲ್ಲ, ಸೇವೆಯಾಗಿ. ಮೊದಲು ಮೈ ಶುಚಿ ಮಾಡಿ, ಆಮೇಲೆ ಸುಮಾರು 23 ಲೀಟರ್ ನೀರನ್ನು ಮೂರು ಬಕೆಟ್ಟಿನಿಂದ ಧಾರೆ ಕಡಿಯದೆ ಸುರಿಯಬೇಕು. ಒಂದು ಬಕೆಟ್ ಮುಗಿಯುವ ಮುನ್ನ ಇನ್ನೊಂದರ ಧಾರೆ ಬಿದ್ದಿರಬೇಕು, ಕಡಿದರೆ ಮೊದಲಿಂದ. ಇಬ್ಬರಿಂದ ಇದು ಆಗದು, ನಾಲ್ವರಾದರೂ ಬೇಕು. ಬಳಿಕ ಜೇಬಿಲ್ಲದ ಬಿಳಿ ಬಟ್ಟೆ. ಕಟ್ಟುಗಳಿಗೆ ಗಂಟಿಲ್ಲ, ಕುಣಿಕೆ ಮಾತ್ರ. ಸಾಧ್ಯವಾದರೆ ಅಂದೇ ಮಣ್ಣು ಮಾಡಬೇಕು, ಸಬ್ಬತ್ ದಿನ ಮಾತ್ರ ಸಲ್ಲದು. ಸಾರಾ ತೀರಿಕೊಂಡದ್ದು ಶುಕ್ರವಾರ, ಮಣ್ಣಾದದ್ದು ಭಾನುವಾರ.

ನೀವು ಅಲ್ಲಿಗೆ ಹೋಗುವುದಾದರೆ ಶನಿವಾರ ಬಿಡಿ, ಸಿನಗಾಗ್ ಮುಚ್ಚಿರುತ್ತದೆ. ಒಳಗೆ ಹೋಗುವಾಗ ಚಪ್ಪಲಿ ಹೊರಗೆ. ಸಮಾಧಿಗೆ ಹೂವಿನ ಬದಲು ಒಂದು ಸಣ್ಣ ಕಲ್ಲಿಟ್ಟರೆ ಸಾಕು.