ನಾಳೆ ನಾನು ಕೊವೆಂಟ್ರಿಗೆ, ಮಂಗಳವಾರ ನೀನೂ ಬಾ

"ಅಕ್ಕ, ಇಂಗ್ಲೆಂಡಿಗೆ, ಈ ಸಂಡರ್‌ಲ್ಯಾಂಡಿಗೆ ಬಂದು ನಾಲ್ಕು ತಿಂಗಳಾಯ್ತು. ಡ್ಯೂಟಿ, ರೂಮು, ಮತ್ತೆ ಡ್ಯೂಟಿ. ವಾರ್ಡಿನಲ್ಲಿ ಎಲ್ಲರೂ ಫುಟ್‌ಬಾಲ್ ಮಾತಾಡ್ತಾರೆ, ನಾನು ಸುಮ್ಮನೆ ನಗ್ತೀನಿ. ಈ ಊರಲ್ಲಿ ಇಷ್ಟು ವರ್ಷ ಹೇಗಿದ್ರಿ? ನಮ್ಮಂಥವರು ಆ ಸ್ಟೇಡಿಯಮ್ಮಿಗೆಲ್ಲ ಹೋಗಬಹುದಾ, ಹೆದರಿಕೆ ಇಲ್ವಾ?" ಅಂತ ಕೇಳಿದ್ದೀಯ. ತೀರ್ಥಹಳ್ಳಿಯವಳು ಅಂತ ಬೇರೆ ಬರೆದಿದ್ದೀಯ. ನಾನು ಸಾಗರದವಳು ಮಾರಾಯ್ತಿ. ಎರಡು ಸಾಲು ಬರೆದು ಮಲಗೋಣ ಅಂದರೆ ಮನಸ್ಸು ಒಪ್ಪಲಿಲ್ಲ. ಇವತ್ತು ಹೇಗೂ ನಿದ್ದೆ ಬರೋದಿಲ್ಲ. ಇವತ್ತು 2025ರ ಮೇ 8, ಗುರುವಾರ. ನಾಳೆ ರಾತ್ರಿ ಎಂಟಕ್ಕೆ ಕೊವೆಂಟ್ರಿಯಲ್ಲಿ ನಮ್ಮ ಮ್ಯಾಚ್.

ನಿನ್ನ ವಾರ್ಡಿನವರೆಲ್ಲ ಈ ವಾರ ಯಾಕೆ ಹೀಗೆ ಚಡಪಡಿಸ್ತಿದ್ದಾರೆ ಅಂತ ಮೊದಲು ಹೇಳಿಬಿಡ್ತೀನಿ. ನಮ್ಮ ಸಂಡರ್‌ಲ್ಯಾಂಡ್ ಫುಟ್‌ಬಾಲ್ ಕ್ಲಬ್ ಈಗ ಇರೋದು ಎರಡನೇ ದರ್ಜೆಯ ಲೀಗಿನಲ್ಲಿ. 2017ರಲ್ಲಿ ಪ್ರೀಮಿಯರ್ ಲೀಗಿನಿಂದ ಬಿದ್ದೆವು, ಮರುವರ್ಷವೇ ಇನ್ನೂ ಒಂದು ಮೆಟ್ಟಿಲು ಕೆಳಗೆ ಹೋದೆವು. ಮೂರನೇ ದರ್ಜೆಯಲ್ಲಿ ನಾಲ್ಕು ವರ್ಷ ಕಳೆದು 2022ರಲ್ಲಿ ಎದ್ದು ಬಂದೆವು. ಈ ಸಲ ನಾಲ್ಕನೇ ಸ್ಥಾನ, 76 ಅಂಕ. ಮೊದಲಿನ ಇಬ್ಬರು ನೇರವಾಗಿ ಮೇಲೆ ಹೋಗ್ತಾರೆ. ಮೂರರಿಂದ ಆರರವರೆಗಿನ ನಾಲ್ಕು ತಂಡಗಳು ಪ್ಲೇ-ಆಫ್ ಆಡಿ, ಅವರಲ್ಲಿ ಒಬ್ಬರಿಗೆ ಮಾತ್ರ ಜಾಗ. ನಮಗೆ ಸಿಕ್ಕಿರೋದು ಐದನೇ ಸ್ಥಾನದ ಕೊವೆಂಟ್ರಿ. ನಾಳೆ ಅವರ ಮನೆಯಲ್ಲಿ, ಅಂದರೆ ಅವರ ಮೈದಾನದಲ್ಲಿ, ಮಂಗಳವಾರ ನಮ್ಮ ಮನೆಯಲ್ಲಿ, ಎರಡೂ ಸೇರಿ ಹೆಚ್ಚು ಗೋಲು ಹೊಡೆದವರು ವೆಂಬ್ಲಿಯ ಫೈನಲ್ಲಿಗೆ.

ಇನ್ನು ನಾನು ಹೇಗಿದ್ದೆ ಅನ್ನೋ ಪ್ರಶ್ನೆ. ಬಂದದ್ದು 2006ರಲ್ಲಿ. ಮೊದಲ ಮೂರು ವರ್ಷ ಥೇಟ್ ನಿನ್ನ ಹಾಗೇ ಇದ್ದೆ. ರಜೆ ಸಿಕ್ಕರೆ ನಮ್ಮವರ ಮನೆ, ನಮ್ಮ ಊಟ, ಊರಿನ ಮಾತು, ಬಸ್ಸು ಹತ್ತುವಾಗ ಅಳು. ನಮ್ಮವರ ಜೊತೆ ಸೇರೋದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ, ಅದಿಲ್ಲದಿದ್ದರೆ ಉಳೀತಿರಲಿಲ್ಲ. ಆದರೆ ಈ ಊರು ಮಾತ್ರ ಹಂಗೇ ಕಿಟಕಿಯಾಚೆ ಇತ್ತು.

ಅದು ಒಳಗೆ ಬಂದದ್ದು ಒಬ್ಬ ಅಜ್ಜನಿಂದ. 2009ರ ಒಂದು ಶನಿವಾರ ಮಧ್ಯಾಹ್ನ. ಮೂಗಿಗೆ ಆಕ್ಸಿಜನ್, ದಿಂಬಿನ ಪಕ್ಕ ಪುಟ್ಟ ರೇಡಿಯೋ, ಕಿವಿಯಲ್ಲಿ ವೈರು, ಮ್ಯಾಚಿನ ಕಾಮೆಂಟರಿ. ಬಿಪಿ ನೋಡೋಕೆ ಹೋದರೆ ಕೈ ಎತ್ತಿ, "ಒಂಚೂರು ತಡಿ ಪೆಟ್, ಕಾರ್ನರ್ ಇದೆ" ಅಂದರು. ಇಲ್ಲಿ ಪೆಟ್ ಅಂದರೆ ನಮ್ಮ ಕಡೆ ಮಗಾ, ಪುಟ್ಟಿ ಅಂದ ಹಾಗೆ, ನಿನಗೂ ಇಷ್ಟರಲ್ಲಿ ಅಭ್ಯಾಸ ಆಗಿರಬೇಕು. ನಿಂತೆ. ಇನ್ನೊಂದು ವೈರನ್ನು ನನ್ನ ಕಡೆ ಚಾಚಿದರು. ಆ ಕೈ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆರಳ ಗೆಣ್ಣಿನ ಮೇಲೆ ಹಚ್ಚೆ ಹಾಕಿದ ಹಾಗೆ ನೀಲಿ ಗೀರುಗಳು. ಗಾಯದೊಳಗೆ ಕಲ್ಲಿದ್ದಲ ಪುಡಿ ಕೂತು ಚರ್ಮ ಅದರ ಮೇಲೇ ಕೂಡಿಕೊಂಡಿತ್ತು. ಮಂಕ್‌ವೇರ್‌ಮೌತ್ ಗಣಿಯಲ್ಲಿ ದುಡಿದವರು. ಆ ಗಣಿಯ ಸುರಂಗಗಳು ಸಮುದ್ರದ ತಳದ ಕೆಳಗೂ ಹೋಗಿದ್ದವಂತೆ. 1993ರ ಡಿಸೆಂಬರಿನಲ್ಲಿ ಅದು ಮುಚ್ಚಿತು, ಹಡಗು ಕಟ್ಟುವ ಕೆಲಸ ಅದಕ್ಕೂ ಐದು ವರ್ಷ ಮೊದಲೇ ನಿಂತಿತ್ತು. ಗಣಿ ಇದ್ದ ಜಾಗದಲ್ಲೇ 1997ರಲ್ಲಿ ಸ್ಟೇಡಿಯಂ ಎದ್ದಿತು. ಗಣಿಯವರ ದೀಪದ ನೆನಪಿಗೆ ಅದರ ಹೆಸರು ಸ್ಟೇಡಿಯಂ ಆಫ್ ಲೈಟ್, ಹೊರಗೆ ಆ ದೀಪವನ್ನೇ, ಡೇವಿ ಲ್ಯಾಂಪ್ ಅಂತಾರೆ, ದೊಡ್ಡದಾಗಿ ಮಾಡಿ ನಿಲ್ಲಿಸಿದ್ದಾರೆ. "ನಾನು ಇಳೀತಿದ್ದ ಜಾಗಕ್ಕೇ ಈಗ ಮೊಮ್ಮಗನ ಕೈ ಹಿಡ್ಕೊಂಡು ಹೋಗ್ತೀನಿ" ಅಂದಿದ್ದರು ಅಜ್ಜ. ಕಾರ್ನರಿನಿಂದ ಏನೂ ಆಗಲಿಲ್ಲ. ಮುಂದಿನ ತಿಂಗಳು ನಾನು ಮೊದಲ ಸಲ ಟಿಕೆಟ್ ತಗೊಂಡೆ.

ನಿಜವಾಗಿ ಈ ಊರಿನವಳಾದೆ ಅನ್ನಿಸಿದ್ದು ಗೆದ್ದಾಗ ಅಲ್ಲ. ಮೂರನೇ ದರ್ಜೆಗೆ ಬಿದ್ದ ವರ್ಷ, ನಲವತ್ತೊಂಬತ್ತು ಸಾವಿರ ಸೀಟಿನ ಸ್ಟೇಡಿಯಂ ಇರುವವರು ಐದು ಸಾವಿರ ಜನ ಹಿಡಿಸುವ ಆಕ್ರಿಂಗ್ಟನ್ನಿಗೆ ಹೋಗಿ ಆಡಬೇಕಾಯ್ತು. 2018ರ ಡಿಸೆಂಬರ್. ನಾನು ಪರಊರಿನ ಮ್ಯಾಚಿಗೆ ಬಸ್ಸು ಹತ್ತಿದ್ದು ಅದೇ ಮೊದಲು. ನಮಗೆ ಕೊಟ್ಟ ಕಡೆ ಸೂರೇ ಇಲ್ಲ. ಸಾಗರದ ಜುಲೈ ತಿಂಗಳು ಕಂಡವಳು ನಾನು, ಆದರೆ ಅಲ್ಲಿ ಮಳೆಯಲ್ಲಿ ಒಂದು ಬೆಂಕಿಯಾದರೂ ಇರುತ್ತೆ, ಕಂಬಳಿ ಇರುತ್ತೆ. ಈ ಮಳೆ ಅಡ್ಡಡ್ಡ ಬಂದು ಕಾಲರಿನೊಳಗೆ ಇಳೀತಿತ್ತು. 1-1 ಇದ್ದಾಗ ಮೈದಾನದಲ್ಲಿ ನೀರು ನಿಂತು ಚೆಂಡು ಉರುಳದೆ ಹೋಯ್ತು, ರೆಫ್ರಿ ಮ್ಯಾಚನ್ನೇ ನಿಲ್ಲಿಸಿಬಿಟ್ಟರು. ಪಕ್ಕದಲ್ಲಿದ್ದ ಹೆಂಗಸು, ಹೆಸರೂ ಗೊತ್ತಿಲ್ಲ, ನನ್ನ ಎರಡೂ ಕೈಯನ್ನು ಅವರ ಫ್ಲಾಸ್ಕಿನ ಮುಚ್ಚಳದ ಸುತ್ತ ಇಟ್ಟು, ಮೇಲೆ ಅವರ ಕೈ ಮುಚ್ಚಿ ಹಿಡಿದರು. ಬಿಸಿ ಚಹಾ, ಸಕ್ಕರೆ ಇಲ್ಲ. ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ಕೊಟ್ಟೆ. ಆವತ್ತಿನಿಂದ ಅವರ ಪಕ್ಕದ ಸೀಟು ನನ್ನದು. ಅದೇ ತಿಂಗಳು 26ಕ್ಕೆ ಬ್ರಾಡ್‌ಫರ್ಡ್ ವಿರುದ್ಧ ನಮ್ಮ ಸ್ಟೇಡಿಯಮ್ಮಿಗೆ 46,039 ಜನ ಬಂದಿದ್ದರು. ಮೂರನೇ ದರ್ಜೆಯ ಆಟಕ್ಕೆ, ಮಾರಾಯ್ತಿ! ಆ ಸಂಖ್ಯೆಯಲ್ಲಿ ನಾನೂ ಒಬ್ಬಳು ಅಂತ ಹೇಳಿಕೊಳ್ಳೋಕೆ ನನಗೆ ಇವತ್ತಿಗೂ ಹೆಮ್ಮೆ.

ಹೆದರಿಕೆಯ ವಿಷಯ. ಸುಳ್ಳು ಹೇಳಿ ನಿನ್ನನ್ನು ಕರೆಯಲ್ಲ. ಕಳೆದ ವರ್ಷ ಆಗಸ್ಟ್ 2ರ ಶುಕ್ರವಾರ ಈ ಊರಲ್ಲಿ ಗಲಭೆ ಆಯ್ತು. ಕಟ್ಟಡಕ್ಕೆ ಬೆಂಕಿ ಇಟ್ಟರು, ಡ್ಯೂಟಿಗೆ ಬರ್ತಿದ್ದ ಫಿಲಿಪೀನ್ಸ್ ನರ್ಸ್‌ಗಳ ಮೇಲೆ ದಾಳಿ ಆಯ್ತು. ನಾನು ಹದಿನೆಂಟು ವರ್ಷ ಇದ್ದ ಮನೆಯ ಪರದೆ ಎಳೆದು, ಮಗಳನ್ನು ನಡುಮನೆಯಲ್ಲೇ ಮಲಗಿಸಿಕೊಂಡು ಬೆಳಗು ಮಾಡಿದೆ. ಮರುದಿನ ಬೆಳಿಗ್ಗೆ ನೂರಾರು ಜನ ಪೊರಕೆ, ಬಕೆಟ್ ಹಿಡಿದು ಬೀದಿ ಗುಡಿಸೋಕೆ ಬಂದರು. ಎರಡೂ ಇದೇ ಊರು. ಆಮೇಲೆ 18ನೇ ತಾರೀಖು ಮನೆಯಂಗಳದ ಮೊದಲ ಮ್ಯಾಚ್, ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ. ಹೋಗೋದೋ ಬೇಡವೋ ಅಂತ ಕೆಂಪು-ಬಿಳಿ ಪಟ್ಟೆಯ ಶರ್ಟ್ ಹಾಕಿಕೊಂಡೇ ಅರ್ಧ ಗಂಟೆ ಮಂಚದ ಮೇಲೆ ಕೂತಿದ್ದೆ. ಆ ಫ್ಲಾಸ್ಕಿನ ಅಕ್ಕ ಬಾಗಿಲು ಬಡಿದರು. ಏನೂ ಮಾತಾಡಲಿಲ್ಲ, ನನ್ನ ತೋಳಿಗೆ ತೋಳು ಸೇರಿಸಿಕೊಂಡು ಸೇತುವೆ ದಾಟಿಸಿದರು. 4-0 ಗೆದ್ದೆವು. ನಾನು ಹೋಗೋದು ನಿಲ್ಲಿಸಲಿಲ್ಲ. ನೀನು ಹೆದರಿದರೆ ಅದು ನಿನ್ನ ತಪ್ಪೂ ಅಲ್ಲ. ಮೊದಲ ಸಲ ಒಬ್ಬಳೇ ಹೋಗಬೇಡ, ಅಷ್ಟೇ. ಮತ್ತೆ ಬಸ್ಸಿನಲ್ಲಿ ಕುಡುಕರು ಇರ್ತಾರಾ ಅಂತ ಮನಸ್ಸಿಗೆ ಬಂದಿರಬಹುದು. ಮ್ಯಾಚಿಗೆ ಹೋಗುವ ಬಸ್ಸಿನೊಳಗೆ ಮದ್ಯ ಒಯ್ಯೋದನ್ನು 1985ರ ಕಾನೂನೇ ತಡೆದಿದೆ. ಬಸ್ಸಿನಲ್ಲಿ ಹೆಚ್ಚಾಗಿ ನಡೆಯೋದು ಸ್ಯಾಂಡ್‌ವಿಚ್ ಮತ್ತು ಹಳೇ ಕಥೆ.

ಕೊವೆಂಟ್ರಿ ಅಂದರೆ ಆ ಹಳೇ ಕಥೆಗಳಿಗೆ ಕೊನೆಯೇ ಇಲ್ಲ. 1977ರಲ್ಲಿ ಲೀಗಿನ ಕೊನೇ ದಿನ. ಬೀಳುವ ಅಪಾಯದಲ್ಲಿ ಮೂರು ತಂಡ: ನಾವು, ಕೊವೆಂಟ್ರಿ, ಬ್ರಿಸ್ಟಲ್ ಸಿಟಿ. ನಾವು ಎವರ್ಟನ್ನಿನಲ್ಲಿ, ಉಳಿದ ಇಬ್ಬರು ಕೊವೆಂಟ್ರಿಯಲ್ಲಿ ಪರಸ್ಪರ. ಜನಜಂಗುಳಿಯ ಕಾರಣಕ್ಕೆ ಅಲ್ಲಿನ ಆಟ ಕಾಲು ಗಂಟೆ ತಡವಾಗಿ ಶುರುವಾಯ್ತು. ನಾವು 2-0 ಸೋತ ಸುದ್ದಿಯನ್ನು ಅಲ್ಲಿನ ಬೋರ್ಡಿನ ಮೇಲೆ ಹಾಕಿದರು. ಆಗ ಅಲ್ಲಿ 2-2. ಹಾಗೇ ಮುಗಿದರೆ ಇಬ್ಬರೂ ಉಳೀತಾರೆ. ಉಳಿದ ನಿಮಿಷಗಳಲ್ಲಿ ಇಬ್ಬರೂ ಚೆಂಡನ್ನು ಅತ್ತಿತ್ತ ತಳ್ಳುತ್ತಾ ನಿಂತರು. ನಾವು ಬಿದ್ದೆವು. ನಾನು ಆಗ ಹುಟ್ಟಿಯೇ ಇರಲಿಲ್ಲ, ಆದರೂ ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತೆ. ನಾಲ್ವತ್ತೆಂಟು ವರ್ಷ ಆಯ್ತು, ನಿನ್ನ ವಾರ್ಡಿನಲ್ಲಿ ಅರವತ್ತು ದಾಟಿದ ಯಾರನ್ನಾದರೂ ಇದರ ಬಗ್ಗೆ ಕೇಳಿ ನೋಡು, ನಿನಗೆ ಕುರ್ಚಿ ಎಳೆದು ಕೊಡ್ತಾರೆ.

ನಾಳೆ ಏನಾಗುತ್ತೆ? ಎಲ್ಲರ ಮುಖ ಬಾಡಿದೆ, ಯಾಕೆಂದರೆ ಲೀಗಿನ ಕೊನೆಯ ಐದು ಮ್ಯಾಚನ್ನೂ ಸೋತಿದ್ದೇವೆ. ಮಾರ್ಚಿನಲ್ಲಿ ಇದೇ ಕೊವೆಂಟ್ರಿ ಅವರ ಮನೆಯಲ್ಲಿ ನಮಗೆ 3-0 ಬಾರಿಸಿತು. ಫ್ರಾಂಕ್ ಲ್ಯಾಂಪಾರ್ಡ್ ನವೆಂಬರಿನಲ್ಲಿ ಕೋಚ್ ಆಗಿ ಬಂದು ಅವರನ್ನು ಕೆಳಗಿನಿಂದ ಇಲ್ಲಿಗೆ ಎತ್ತಿದ್ದಾರೆ. ಆದರೂ ನಾನು ಕೈಬಿಟ್ಟಿಲ್ಲ. ನಮ್ಮ ನಾಲ್ಕನೇ ಸ್ಥಾನ ಗಟ್ಟಿಯಾದ ಮೇಲೆ ಕೋಚ್ ರೆಜಿಸ್ ಲ ಬ್ರಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡ್ತಾ ಬಂದರು. ಗೆಲ್ಲುವ ರೂಢಿ ತಪ್ಪಿಸಿದ್ದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಬಸ್ಸಿನಲ್ಲಿ ಅರ್ಧ ಜನ ನನ್ನ ಜೊತೆ ಜಗಳಕ್ಕೆ ಬರ್ತಾರೆ. ಆದರೆ ಕಾಲು ಮಾತ್ರ ಹಗುರ ಇರಬೇಕು. ಹುಡುಗರೋ, ನಮ್ಮ ಮಕ್ಕಳ ವಯಸ್ಸಿನವರು. ಕ್ರಿಸ್ ರಿಗ್ ಹದಿನೇಳು, ಜೋಬ್ ಬೆಲ್ಲಿಂಗ್‌ಹ್ಯಾಮ್ ಹತ್ತೊಂಬತ್ತು, ಕ್ಯಾಪ್ಟನ್ ಡ್ಯಾನ್ ನೀಲ್ ಇಲ್ಲೇ ಪಕ್ಕದ ಸೌತ್ ಶೀಲ್ಡ್ಸ್‌ನವನು. ತಪ್ಪು ಮಾಡ್ತಾರೆ, ಆದರೆ ತಪ್ಪು ಮಾಡಿದ ಮೇಲೆ ಚೆಂಡು ಬೇಡ ಅನ್ನಲ್ಲ. ಮೊದಲ ಇಪ್ಪತ್ತು ನಿಮಿಷ ಕೊವೆಂಟ್ರಿಯವರು ಮೇಲೆ ಬೀಳ್ತಾರೆ, ಅದನ್ನು ತಡ್ಕೊಂಡರೆ ಸಾಕು. ಸಮ ಮಾಡಿಕೊಂಡು ಬಂದರೂ ನನಗೆ ಹಬ್ಬ. ಪರಊರಿನ ಗೋಲಿಗೆ ಇಲ್ಲಿ ವಿಶೇಷ ಲೆಕ್ಕ ಇಲ್ಲ, ಒಂದು ಗೋಲಿನಿಂದ ಸೋತು ಬಂದರೂ ಮಂಗಳವಾರ ತೀರಿಸಬಹುದು.

ಇನ್ನೊಂದು ಮಾತು, ಮರೆಯೋ ಮುಂಚೆ. ಈ ಊರಿನವರನ್ನು ಅಪ್ಪಿತಪ್ಪಿಯೂ ಜೋರ್ಡಿ ಅನ್ನಬೇಡ. ಅದು ಇಪ್ಪತ್ತು ಕಿಲೋಮೀಟರ್ ಆಚೆಯ ನ್ಯೂಕ್ಯಾಸಲ್‌ನವರ ಹೆಸರು. ಇಲ್ಲಿಯವರು ಮ್ಯಾಕಮ್. ವಾರ್ಡಿನಲ್ಲಿ ನಾಳೆ ಬೆಳಿಗ್ಗೆ "ಹಾವೇ ದ ಲ್ಯಾಡ್ಸ್" ಅಂತ ಒಂದು ಸಲ ಅಂದು ನೋಡು. ನಡೀರಿ ಹುಡುಗರೇ ಅಂತ ಅರ್ಥ. ಸುಮ್ಮನೆ ನಗೋದು ಸಾಕು ನಿನಗೆ.

ಮಂಗಳವಾರ ರಾತ್ರಿ ಎಂಟಕ್ಕೆ ಮ್ಯಾಚ್. ನನ್ನ ಮಗಳಿಗೆ ಬುಧವಾರ ಪರೀಕ್ಷೆ, ಅವಳೇ "ಅಮ್ಮ, ನನ್ನ ಟಿಕೆಟ್ ಆ ಅಕ್ಕನಿಗೆ ಕೊಡು" ಅಂದಳು. ಡ್ಯೂಟಿ ಯಾರ ಜೊತೆಗಾದರೂ ಬದಲಾಯಿಸಿಕೋ. ಆರೂವರೆಗೆ ಡೇವಿ ಲ್ಯಾಂಪ್ ಹತ್ತಿರ ನಿಂತಿರ್ತೀನಿ. ಮೇ ಆದರೂ ನದಿ ಕಡೆಯಿಂದ ಗಾಳಿ ಬರುತ್ತೆ, ದಪ್ಪ ಸ್ವೆಟರ್ ಹಾಕ್ಕೋ. ಕೆಂಪು ಇದ್ದರೆ ಒಳ್ಳೇದು. ಕಪ್ಪು-ಬಿಳಿ ಮಾತ್ರ ಬೇಡ, ಅದು ನ್ಯೂಕ್ಯಾಸಲ್ ಬಣ್ಣ.

ಅನ್ನ ಆರಿದೆ, ಒಗ್ಗರಣೆ ಹಾಕಬೇಕು. ಬಸ್ಸು ಮಧ್ಯಾಹ್ನ ಒಂದೂವರೆಗೆ, ಮುನ್ನೂರು ಕಿಲೋಮೀಟರಿನ ಮೇಲೆ ದಾರಿ, ಶುಕ್ರವಾರದ ಟ್ರಾಫಿಕ್ ಬೇರೆ. ವಾಪಸ್ ಬರುವಾಗ ಬೆಳಗಿನ ಜಾವ ಮೂರಾಗುತ್ತೆ. ನಿನಗೆ ನಾಳೆ ನೈಟ್ ಇದ್ದರೆ ಎಷ್ಟಾಯ್ತು ಅಂತ ಮೆಸೇಜ್ ಹಾಕ್ತೀನಿ, ವಾರ್ಡಿನ ಅಜ್ಜಂದಿರಿಗೆ ನೀನೇ ಹೇಳು.