ಓದುಗರ ಪ್ರಶ್ನೆ: ಸಂಶಯದ ಪಟ್ಟಿಯಿಂದ ಹೆಸರು ಬಿಡುವುದು ಹೇಗೆ?

ಪ್ರಶ್ನೆ: ಮನೆಯಲ್ಲಿ ಕಳ್ಳತನವಾಯಿತು. ಬೆರಳಚ್ಚಿನವರು ಬೀರುವಿನ ಮೇಲಿನ ಗುರುತು ತೆಗೆದ ಮೇಲೆ ನನ್ನ, ಹೆಂಡತಿಯ, ಕೆಲಸದಾಕೆಯ ಬೆರಳಚ್ಚನ್ನೂ ತೆಗೆದುಕೊಂಡರು. ಮನೆಯವರ ಮೇಲೇ ಅನುಮಾನವೇ? (ತುಮಕೂರಿನ ಓದುಗರು)

ಉತ್ತರ: ಗಾಬರಿ ಬೇಡ. ಸಾಮಾನ್ಯವಾಗಿ ಮನೆಯವರ ಗುರುತನ್ನು ಲೆಕ್ಕದಿಂದ ಬಿಡುವುದಕ್ಕೇ ಹೀಗೆ ಮಾಡುತ್ತಾರೆ. ಬೀರುವಿನ ಹಿಡಿಗೆ ಪುಡಿ ಸವರಿದಾಗ ಏಳುವ ಗುರುತುಗಳಲ್ಲಿ ಬಹುಪಾಲು ಮನೆಯವರದೇ ಇರುತ್ತವೆ. ಅವನ್ನು ಹೊಂದಿಸಿ ತೆಗೆದ ಮೇಲೆ ಯಾರಿಗೂ ಸೇರದ ಒಂದೆರಡು ಉಳಿದರೆ ಅವೇ ಕೆಲಸಕ್ಕೆ ಬರುವವು. ಅವನ್ನು 2022ರಲ್ಲಿ ಆರಂಭವಾದ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ ಹುಡುಕಬಹುದು.

ಬೆರಳಚ್ಚಿನ ಮೇಲೆ ತಾರೀಖು ಬರೆದಿರುವುದಿಲ್ಲ ಎಂಬುದು ನೆನಪಿರಲಿ. ದಿನವೂ ಬೀರು ಒರೆಸುವ ಕೆಲಸದಾಕೆಯ ಗುರುತು ಹಿಡಿಯ ಮೇಲೆ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಎಂದೂ ಮನೆಯೊಳಗೆ ಬಾರದವನ ಗುರುತು ಲಾಕರಿನ ಒಳಗೆ ಸಿಕ್ಕರೆ ಅದರ ತೂಕವೇ ಬೇರೆ. ಪೊಲೀಸರು ಬರುವ ಮೊದಲೇ ನೆಲ ಸಾರಿಸಿ, ಚೆಲ್ಲಾಪಿಲ್ಲಿಯಾದ ಬಟ್ಟೆ ಮಡಿಸಿಟ್ಟು ಈ ಸಾಕ್ಷ್ಯವನ್ನು ಕೈಯಾರೆ ಹಾಳುಮಾಡುವ ಮನೆಗಳು ಬಹಳ. 112ಕ್ಕೆ ಫೋನ್ ಮಾಡಿ, ಆ ಕೋಣೆಯ ಬಾಗಿಲು ಮುಂದೆ ಮಾಡಿಬಿಡಿ.

ಪ್ರಶ್ನೆ: ಕೊಲೆಯ ರಾತ್ರಿ ಬೇರೆ ಊರಿನಲ್ಲಿದ್ದೆ ಎಂದು ಮೊಬೈಲ್ ಲೊಕೇಶನ್ ತೋರಿಸಿದರೆ ಪೊಲೀಸರು ಬಿಟ್ಟುಬಿಡುತ್ತಾರೆಯೇ? (ಹಾಸನದ ಓದುಗರು)

ಉತ್ತರ: ಅಷ್ಟಕ್ಕೇ ಬಿಡುವಂತಿಲ್ಲ. ಮೊದಲು ಕೊಲೆಯ ವೇಳೆ ಗಟ್ಟಿಯಾಗಬೇಕು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಗಂಟೆ, ನಿಮಿಷ ಬರೆದುಕೊಡಲಾರರು. ದೇಹದ ಸೆಟೆತ, ಹೊಟ್ಟೆಯಲ್ಲಿ ಉಳಿದ ಊಟ ನೋಡಿ ಇಷ್ಟರಿಂದ ಇಷ್ಟರೊಳಗೆ ಎನ್ನುತ್ತಾರೆ. ಬೇಸಿಗೆಯಲ್ಲಿ ಸೆಟೆತ ಬೇಗ ಬಂದು ಬೇಗ ಬಿಡುವುದರಿಂದ ಆ ಅಂದಾಜೂ ಅತ್ತಿತ್ತ ಸರಿಯುತ್ತದೆ. ಹಾಗಾಗಿ ಸತ್ತವರನ್ನು ಜೀವಂತ ಕಂಡ ಕಡೆಯ ಗಳಿಗೆ ಒಂದು ತುದಿ, ಹೆಣ ಕಂಡ ಗಳಿಗೆ ಇನ್ನೊಂದು ತುದಿ ಎಂದಿಟ್ಟುಕೊಂಡು ನಡುವಿನ ವೇಳೆಯನ್ನು ಕಿರಿದು ಮಾಡುತ್ತ ಹೋಗಬೇಕು.

ಬೆಂಗಳೂರಿನಲ್ಲಿ ರಾತ್ರಿ 9ರಿಂದ 12ರೊಳಗೆ ಕೊಲೆಯಾಗಿದೆ ಎನ್ನೋಣ. ಅನುಮಾನವಿರುವ ವ್ಯಕ್ತಿ 8.30ಕ್ಕೆ ಹಾಸನದ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿದ್ದಾನೆ. ಇದರಿಂದ ಅವನು ಪಾರಾಗುವುದಿಲ್ಲ. ದಾರಿ ಸುಮಾರು 185 ಕಿಲೋಮೀಟರ್, 12ರೊಳಗೆ ಕಾರಿನಲ್ಲಿ ಮುಟ್ಟಬಹುದು. ಆದರೆ 10ಕ್ಕೆ ಹಾಸನದ ಹೋಟೆಲಿನಲ್ಲಿ ಮತ್ತೆ ಕಂಡರೆ? ನಡುವಿನ ಒಂದೂವರೆ ಗಂಟೆಯಲ್ಲಿ ಹೋಗಿ ಬರಲಾಗದು, 10ರ ಮೇಲೆ ಹೊರಟರೆ 12ರೊಳಗೆ ತಲುಪಲಾಗದು. ಆಗ ಆ ಹೆಸರನ್ನು ಧೈರ್ಯವಾಗಿ ಬಿಡಬಹುದು, ಕ್ಯಾಮೆರಾದ ಗಡಿಯಾರ ಸರಿಯಿದ್ದರೆ ಮಾತ್ರ. ಅಂಗಡಿಗಳ ಡಿವಿಆರ್ (ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆ) ಹತ್ತಿಪ್ಪತ್ತು ನಿಮಿಷ ಹಿಂದೆಮುಂದೆ ಓಡುವುದು ಮಾಮೂಲು. ಡಿವಿಆರ್ ಪರದೆಯ ಪಕ್ಕ ಸರಿಯಾದ ಸಮಯ ತೋರುವ ಮೊಬೈಲ್ ಹಿಡಿದು ಒಂದು ಫೋಟೋ ತೆಗೆದು, ವ್ಯತ್ಯಾಸವನ್ನು ಮಹಜರಿನಲ್ಲಿ ಬರೆಯಬೇಕು. ಈ ಒಂದು ಸಾಲು ಬಿಟ್ಟುಹೋದರೆ ಇಡೀ ಲೆಕ್ಕ ಸಡಿಲವಾಗುತ್ತದೆ.

ಮೊಬೈಲಿನ ವಿಷಯಕ್ಕೆ ಬಂದರೆ, ಸಿಡಿಆರ್ (ಮೊಬೈಲ್ ಕಂಪನಿ ಕೊಡುವ ಕರೆಗಳ ದಾಖಲೆ) ಹೇಳುವುದು ಸಿಮ್ ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂದಷ್ಟೇ. ಹಳ್ಳಿಗಾಡಿನಲ್ಲಿ ಆ ವ್ಯಾಪ್ತಿ ಹಲವು ಕಿಲೋಮೀಟರ್ ಆದೀತು. ಫೋನನ್ನು ಮನೆಯಲ್ಲಿಟ್ಟು ಹೋಗುವವರೂ ಇದ್ದಾರೆ. ಕರೆ ಬಂದಾಗ ಅವನೇ ಮಾತಾಡಿದ್ದಾನೆಯೇ ಎಂದು ಆ ಕಡೆಯವರನ್ನು ವಿಚಾರಿಸಲೇಬೇಕು. ಹಾಗೆಯೇ, ಕೊಲೆಯಾದ ಜಾಗದ ಟವರಿನಲ್ಲಿ ನಂಬರ್ ಸಿಕ್ಕಿತೆಂದು ಯಾರನ್ನೂ ಕೊಲೆಗಾರ ಎನ್ನಲಾಗದು. ಅದೇ ಟವರಿನಲ್ಲಿ ಆ ಹೊತ್ತಿಗೆ ಸಾವಿರಾರು ನಂಬರ್‌ಗಳಿರುತ್ತವೆ.

ಹೆಸರು ಬಿಟ್ಟ ಕಾರಣವನ್ನೂ ಕೇಸ್ ಡೈರಿಯಲ್ಲಿ ಬರೆಯಬೇಕು. ಸಾಂದರ್ಭಿಕ ಸಾಕ್ಷ್ಯದ ಸರಪಳಿ ಆರೋಪಿಯ ಅಪರಾಧವನ್ನು ಬಿಟ್ಟು ಬೇರೆ ಯಾವ ಸಾಧ್ಯತೆಗೂ ಎಡೆಗೊಡಬಾರದು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿದೆ. ಸತ್ತವನೊಂದಿಗೆ ಜಮೀನಿನ ಜಗಳವಿದ್ದ ಅವನ ಅಣ್ಣನನ್ನು ಯಾಕೆ ಬಿಟ್ಟಿರಿ ಎಂದು ಆರೋಪಿಯ ವಕೀಲರು ಪಾಟೀಸವಾಲಿನಲ್ಲಿ ಕೇಳಿದಾಗ ತನಿಖಾಧಿಕಾರಿ ತಡವರಿಸಿದರೆ ಲಾಭ ಆರೋಪಿಗೇ.

ಪ್ರಶ್ನೆ: ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೇಪರಿನಲ್ಲಿ ಬರುತ್ತದೆ, ಆಮೇಲೆ ಅದೇ ಮನುಷ್ಯ ಖುಲಾಸೆಯಾಗುತ್ತಾನೆ. ಏಕೆ? (ಧಾರವಾಡದ ಓದುಗರು)

ಉತ್ತರ: ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ನ್ಯಾಯಾಲಯ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಒಂದಕ್ಕೆ ಮಾತ್ರ ಜಾಗ ಕೊಡುತ್ತದೆ: ಬಂಧನದಲ್ಲಿರುವ ಆರೋಪಿಯ ಮಾತಿನಿಂದ ಹೊಸ ಸಂಗತಿ ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗ. “ಅವನನ್ನು ಕೊಂದ ಮಚ್ಚನ್ನು ಹುಣಸೆಮರದ ಪೊಟರೆಯಲ್ಲಿಟ್ಟಿದ್ದೇನೆ, ತೋರಿಸುತ್ತೇನೆ” ಎಂದರೆ ಪೊಟರೆಯಲ್ಲಿ ಮಚ್ಚು ಇಟ್ಟ ಮಾತು ನಿಲ್ಲುತ್ತದೆ, “ಕೊಂದ” ಎಂಬುದು ಬಿದ್ದುಹೋಗುತ್ತದೆ.

ಉಳಿದದ್ದನ್ನೂ ಪೊಲೀಸರು ಕೆಡಿಸಿಕೊಳ್ಳುವುದುಂಟು. ಮಚ್ಚು ಎಲ್ಲರೂ ಓಡಾಡುವ ಬಯಲಿನಲ್ಲಿ ಸಿಕ್ಕಿರುತ್ತದೆ. ಪಂಚರು (ಜಪ್ತಿಗೆ ಸಾಕ್ಷಿಯಾಗಿ ಕರೆದವರು) ಠಾಣೆಯಲ್ಲೇ ಸಹಿ ಹಾಕಿದೆವು ಎಂದುಬಿಡುತ್ತಾರೆ. ರಕ್ತದ ಅಂಗಿಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಕವರಿನಲ್ಲಿಟ್ಟು, ಅರಗಿನ ಮೊಹರು ಮಾಡಿ ಕಳಿಸಬೇಕು. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೋ ಕಡ್ಡಾಯವಾಗಿರುವುದು ಒಳ್ಳೆಯದೇ ಆಯಿತು.

ಪ್ರಶ್ನೆ: ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುವುದಿಲ್ಲವೇ? (ಬಳ್ಳಾರಿಯ ಓದುಗರು)

ಉತ್ತರ: ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೀಗೆಂದು ತೀರ್ಪು ಕೊಟ್ಟಿದೆ. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ.

ಪ್ರಶ್ನೆ: ಪಕ್ಕದ ಮನೆಯ ಪ್ರಕರಣದಲ್ಲಿ ಹೇಳಿಕೆ ಕೊಡಲು 66 ವರ್ಷದ ನಮ್ಮ ತಂದೆಯವರನ್ನು ಠಾಣೆಗೆ ಕರೆದಿದ್ದಾರೆ. ಹೋಗಬೇಕೇ? (ಶಿವಮೊಗ್ಗದ ಓದುಗರು)

ಉತ್ತರ: ಸಾಕ್ಷಿಯಾಗಿ ಕರೆದಿದ್ದರೆ, 60 ದಾಟಿದವರನ್ನೂ ಹೆಂಗಸರನ್ನೂ ಅವರ ಮನೆಯಲ್ಲೇ ವಿಚಾರಿಸಬೇಕೆಂದು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 179ನೇ ಕಲಮು ಹೇಳುತ್ತದೆ. ಅವರಾಗಿಯೇ ಬರುತ್ತೇನೆಂದರೆ ಅಡ್ಡಿಯಿಲ್ಲ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿ ಸಹಿ ಹಾಕಬೇಕಾಗಿಲ್ಲ. ಆ ದಿನ ತಂದೆಯವರು ಎಲ್ಲಿದ್ದರೆಂಬ ಪ್ರಶ್ನೆ ಬರುವಂತಿದ್ದರೆ ಬಸ್ ಟಿಕೆಟ್, ಆಸ್ಪತ್ರೆ ಚೀಟಿ, ಯುಪಿಐ ದಾಖಲೆ ಎತ್ತಿಡಿ. ಅಂಗಡಿ ಕ್ಯಾಮೆರಾ ನೆರವಾಗುವಂತಿದ್ದರೆ ಇವತ್ತೇ ತನಿಖಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಡಿಸ್ಕ್ ತುಂಬಿದ ಕೂಡಲೇ ಡಿವಿಆರ್ ಹಳೆಯದರ ಮೇಲೆ ಹೊಸ ದೃಶ್ಯ ಬರೆದುಬಿಡುತ್ತದೆ.